ಹುಳದ ಮನೆಯಲ್ಲಿ ಓದಿದ ಹನ್ನೆರಡು ಪುಸ್ತಕಗಳು

ನಮ್ಮ ಮನೆಯಲ್ಲಿ ಹುಳಕ್ಕಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಒಂದು ಮೈಲಿ ನಡೆದರೆ ಸಿಗುವ ಆ ಮನೆಗೆ ಮೂರು ಕೋಣೆಗಳಿದ್ದವು. ಗಾಳಿ ಬೆಳಕು ಚೆನ್ನಾಗಿದ್ದ ದೊಡ್ಡ ಕೋಣೆ ರೇಷ್ಮೆ ಹುಳುಗಳದ್ದು. ಉಳಿದ ಎರಡರಲ್ಲಿ ಒಂದು ಅಡುಗೆಯದ್ದು, ಇನ್ನೊಂದು ದೇವರದ್ದು ಮತ್ತು ರಾಗಿ ಮೂಟೆಗಳದ್ದು. ಅಪ್ಪ, ಅವ್ವ, ನಾನು ಜಗಲಿಯಲ್ಲಿ ಮಲಗುತ್ತಿದ್ದೆವು. ಬೇಸಿಗೆಯಲ್ಲಿ ಹುಳಕ್ಕೆ ಸೆಕೆಯಾಗಬಾರದೆಂದು ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುವ ಕೆಲಸ ನನ್ನದಾಗಿತ್ತು. ನಾನು ಬೆವರಿದರೆ ಕೇಳುವವರಿರಲಿಲ್ಲ. ಹುಳದ ಮನೆಯ ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿರುತ್ತಿತ್ತು. ಅದನ್ನು ತುಳಿದು, ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಕೈ ಅದ್ದಿಯೇ ಒಳಗೆ ಹೋಗಬೇಕು. ನೆಂಟರು ಬಂದರೂ ಬೀದಿಯಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಬೇರೆ ಮನೆಯವರ ಕೈಕಾಲಿನಿಂದ ಹುಳಕ್ಕೆ ರೋಗ ಬರುತ್ತದೆ ಎಂಬುದು ಆ ಮನೆಯ ಮೊದಲನೇ ಶಾಸ್ತ್ರ. ಆ ಶಾಸ್ತ್ರವನ್ನು ಕಾಯುತ್ತಿದ್ದವಳು ಪುಟ್ಟತಾಯಿ ಅತ್ತೆ, ಅಪ್ಪನ ಅಕ್ಕ.

ಅತ್ತೆಯನ್ನು ಹನೂರಿನ ಆಚೆ, ಬಂಡಳ್ಳಿಗೆ ಕೊಟ್ಟಿದ್ದರು. ಹುಡುಗನಿಗೆ ಸರ್ಕಾರಿ ಆಫೀಸಿನಲ್ಲಿ ಕೆಲಸ ಎಂದು ಹೆಣ್ಣು ಕೇಳಲು ಬಂದವರು ಹೇಳಿದ್ದರಂತೆ. ಮದುವೆಯಾದ ಮೇಲೆ ನೋಡಿದರೆ ಆತ ಆ ಆಫೀಸಿನ ಬಾಗಿಲನ್ನೇ ಕಂಡಿರಲಿಲ್ಲ. ಎರಡನೇ ವರ್ಷ ಅತ್ತೆ ಒಂದು ಟ್ರಂಕು ಹಿಡಿದು ಬಸ್ಸಿಳಿದು ಬಂದವಳು ಮತ್ತೆ ಹೋಗಲಿಲ್ಲ. ಅವಳ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಮಾತು 'ಸುಳ್ಳು' ಎಂಬುದು. ಹಾಲಿನವನು ಹೇಳಿದ್ದು ಸುಳ್ಳು, ಪಂಚಾಂಗದಲ್ಲಿ ಬರೆದದ್ದು ಸುಳ್ಳು, ನನಗೆ ಹೊಟ್ಟೆನೋವು ಅಂದದ್ದಂತೂ ಶುದ್ಧ ಸುಳ್ಳು. ಅವ್ವನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಎಳೆಹುಳುಗಳಿಗೆ ನಮ್ಮಲ್ಲಿ ಚಾಕಿ ಎನ್ನುತ್ತಾರೆ. ಒಮ್ಮೆ ಚಾಕಿ ಇದ್ದಾಗ ಅವ್ವ ಉಪ್ಪೆಸರಿಗೆಂದು ಬೆಳ್ಳುಳ್ಳಿ ಒಗ್ಗರಣೆ ಹಾಕಿಬಿಟ್ಟಳು. ಆ ಘಾಟಿಗೆ ಹುಳ ಮೇವು ಬಿಡುತ್ತದೆ ಎಂದು ಅತ್ತೆ ಕಾದ ಸೌಟನ್ನು ಕಿತ್ತುಕೊಂಡು ಹಿತ್ತಲಿಗೆ ಎಸೆದಳು. ಆವತ್ತು ಎಲ್ಲರೂ ಮುದ್ದೆಗೆ ಹಸಿಮೆಣಸಿನಕಾಯಿ ಉಪ್ಪು ನಂಚಿಕೊಂಡು ಉಂಡೆವು. ಅವ್ವ ಅತ್ತಳು, ಅಪ್ಪ ತಲೆ ತಗ್ಗಿಸಿ ಉಂಡ, ಅತ್ತೆ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡಳು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಈಗ ಮೆತ್ತಗೆ ಮಾಡಿ ಬರೆಯುವ ಮನಸ್ಸು ನನಗಿಲ್ಲ.

ಊರಿನ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ನಾನು ಏಳನ್ನು ಮುಗಿಸಿದ ಬೇಸಿಗೆಯಲ್ಲಿ ಕೊಳ್ಳೇಗಾಲದ ಓದುಗರ ಬಳಗವೊಂದು ಮಕ್ಕಳಿಗೆ ಒಂದು ಪಂದ್ಯ ಇಟ್ಟಿತು. ರಜೆ ಮುಗಿಯುವುದರೊಳಗೆ ಹನ್ನೆರಡು ಪುಸ್ತಕ ಓದಬೇಕು, ಪ್ರತಿ ಪುಸ್ತಕದ ಬಗ್ಗೆ ಅರ್ಧ ಪುಟ ಅಭಿಪ್ರಾಯ ಬರೆಯಬೇಕು. ಕಥೆಯ ಸಾರಾಂಶ ಬರೆದರೆ ಅಂಕವಿಲ್ಲ, ಸ್ವಂತ ಅನಿಸಿಕೆಯೇ ಬೇಕು. ಪುಸ್ತಕಗಳನ್ನು ಅವರೇ ಕೊಡುತ್ತಿದ್ದರು. ನಮ್ಮ ಶಾಲೆಯ ಟೀಚರು ನನ್ನ ಹೆಸರು ಬರೆಸಿದರು. ಮನೆಯಲ್ಲಿ ಆಗ ನನ್ನ ಮುಂದಿನ ಓದಿನ ಮಾತು ನಡೆದಿತ್ತು. ಕೊಳ್ಳೇಗಾಲದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರಬೇಕು. ಅತ್ತೆಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಲು, ಹುಳದ ತಟ್ಟೆ ಬದಲಿಸಲು ಒಂದು ಜೊತೆ ಕೈ ಬೇಕು. ಅಪ್ಪ ಯಾವತ್ತೂ ಒಂದು ನಿರ್ಧಾರವನ್ನು ತಾನೇ ಮಾಡಿದವನಲ್ಲ. ಆ ಸಲವೂ ಅದನ್ನು ಬೇರೆಯವರ ತಲೆಗೆ ಕಟ್ಟಿದ.

"ಅದೇನೋ ಓದೋ ಪಂದ್ಯ ಅಂತಲ್ಲಮ್ಮಿ, ಅದ್ರಲ್ಲಿ ಮೊದಲು ಬಾ. ಬಂದ್ರೆ ಕೊಳ್ಳೇಗಾಲಕ್ಕೆ ಸೇರುಸ್ತೀನಿ. ಇಲ್ದಿದ್ರೆ ನಿಮ್ಮತ್ತೆ ಜೊತೇಲಿರು."

ಅತ್ತೆಯ ಜೊತೆ ಇರುವುದು ಎಂದರೆ ಆ ಸುಣ್ಣದ ಗೆರೆಯ ಒಳಗೆ ಮದುವೆಯಾಗುವವರೆಗೆ ಸೊಪ್ಪು ಹೆಚ್ಚುವುದು. ನಾನು ಅದಕ್ಕೆ ಎಷ್ಟು ಹೆದರಿದ್ದೆನೆಂದರೆ, ಮೊದಲ ನಾಲ್ಕು ಪುಸ್ತಕ ತಂದ ದಿನ ಬಸ್ ಸ್ಟಾಪಿನಿಂದ ಓಡಿಕೊಂಡೇ ಬಂದೆ. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಅದ್ಯಾರ್ ಮನೇವು?"

"ಬಳಗದವು ಅತ್ತೆ. ಎಲ್ಲ ಮಕ್ಕಳೂ ಓದ್ತಾರೆ."

"ಎಲ್ಲರ್ ಮನೇಲೂ ತಿರುಗಾಡ್ಕೊಂಡು ಬಂದವೆ ಅನ್ನು. ಯಾರ್ ಮನೇಲಿ ಉಳಕ್ಕೆ ಏನ್ ರೋಗವೋ. ಇತ್ತಾಗ್ ಕೊಡು."

ಪುಸ್ತಕಗಳನ್ನು ಕಿತ್ತುಕೊಂಡಳು. ಹುಳದ ತಟ್ಟೆಗಳಿಗೆ ಏನು ಮಾಡುತ್ತಿದ್ದಳೋ ಅದನ್ನೇ ಅವಕ್ಕೂ ಮಾಡಿದಳು. ಬ್ಲೀಚಿಂಗ್ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ರಟ್ಟು ಒರೆಸಿದಳು, ಹಾಳೆ ಹಾಳೆಯ ನಡುವೆ ಸುಣ್ಣದ ಪುಡಿ ಉದುರಿಸಿದಳು, ಹಿತ್ತಲ ಕಲ್ಲಿನ ಮೇಲೆ ಮೂರು ದಿನ ಬಿಸಿಲಿಗೆ ಹರವಿದಳು. ನೀಲಿ ರಟ್ಟಿನದೊಂದು ಬೆಳ್ಳಗೆ ತೊನ್ನು ಹತ್ತಿದ ಹಾಗಾಯಿತು. ಮೂರು ದಿನ ನಾನು ಅವುಗಳ ಪಕ್ಕದಲ್ಲಿ ಕೂತು ಕಾಗೆ ಓಡಿಸಿದೆ. ಹಿಂತಿರುಗಿಸಲು ಹೋದಾಗ ಬಳಗದ ಮೇಷ್ಟ್ರು, ನಿವೃತ್ತರಾಗಿದ್ದ ಬೆಳ್ಳಿ ಕನ್ನಡಕದ ಮನುಷ್ಯ, ಪುಸ್ತಕ ಕೊಡವಿ ಎರಡು ಸಲ ಸೀನಿದರು. ನಾನು ಕಾರಣ ಹೇಳಲಿಲ್ಲ. ಹಳ್ಳಿಯವರ ಮನೆ ಹೀಗೇ ಇರುತ್ತದೆ ಅಂದುಕೊಂಡಿರಬೇಕು, ಅವರೂ ಕೇಳಲಿಲ್ಲ.

ಬಿಸಿಲಿಗೆ ಹಾಕಿದ ಪುಸ್ತಕ ಕೈಗೆ ಬಂದ ಮೇಲೂ ಓದಲು ಹೊತ್ತು ಇರಲಿಲ್ಲ. ಚಾಕಿ ಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ದಿನಕ್ಕೆ ನಾಲ್ಕು ಸಲ ಹಾಕಬೇಕು. ನಾನು ಹೆಚ್ಚುತ್ತ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡಿದ್ದಾಗ ಬೆರಳು ಕೊಯ್ದುಕೊಂಡೆ. ಸೊಪ್ಪಿಗೆ ರಕ್ತ ತಾಗಿತೆಂದು ಅತ್ತೆ ಒಂದು ಮಂಕರಿ ಸೊಪ್ಪನ್ನೇ ದನಕ್ಕೆ ಸುರಿದಳು. ಬೈಗುಳ ಮುಗಿದ ಮೇಲೆ ಮಚ್ಚನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನಾನೇ ಎಚ್ಚುತೀನಿ. ನೀನು ಅದನ್ನ ಗಟ್ಟಿಯಾಗ್ ಓದು. ಸುಮ್ನೆ ಮನಸ್ನಲ್ಲೇ ಓದುದ್ರೆ ನೀನು ಓದ್ತಿದ್ದೀಯೋ ತೂಕಡುಸ್ತಿದ್ದೀಯೋ ನಂಗೆಂಗೆ ಗೊತ್ತಾಗ್ಬೇಕು."

ಹೀಗೆ ಶುರುವಾಯಿತು. ಅತ್ತೆಯನ್ನು ಮೂರನೇ ತರಗತಿಯಲ್ಲೇ ಬಿಡಿಸಿ ಹುಳಕ್ಕೆ ಹಾಕಿದ್ದರು. ಬಸ್ಸಿನ ಬೋರ್ಡನ್ನೂ ಬೇರೆಯವರನ್ನು ಕೇಳಿ ಹತ್ತುತ್ತಿದ್ದಳು. ಮೊದಲ ಪುಸ್ತಕ ಒಬ್ಬ ರಾಜಕುಮಾರಿಯದ್ದು. ಮಲತಾಯಿಯ ಕಾಟಕ್ಕೆ ಕಾಡಿಗೆ ಹೋಗಿ ಏಳು ವರ್ಷ ಇದ್ದು, ಕೊನೆಗೆ ರಾಜಕುಮಾರನೊಬ್ಬನ ಕಣ್ಣಿಗೆ ಬೀಳುತ್ತಾಳೆ. ನಾನು ಓದಿ ಮುಗಿಸಿದಾಗ ನನ್ನ ಕಣ್ಣು ತುಂಬಿತ್ತು. ಮಚ್ಚಿನ ಟಕಟಕ ನಿಲ್ಲಲೇ ಇಲ್ಲ.

"ಏಳ್ ವರ್ಷ ಕಾಡಲ್ಲಿ ಏನ್ ತಿಂದ್ಲಂತೆ?"

"ಹಣ್ಣು ಹಂಪಲು."

"ಊಗ್ಯಂ ಕಾಡಲ್ಲಿ ಒಂದ್ ವಾರ ಇದ್ಬರಕ್ಕೆ ಯೋಳು, ಯಾವ್ ಅಣ್ಣು ಸಿಗ್ತದೆ ನೋಡನ. ಏಳ್ ವರ್ಷ ಆದ್ಮೇಲೂ ಕೂದಲು ಮೊಣಕಾಲ್ ಮಟ್ಟ ಒಳೀತಿತ್ತಂತೆ. ಹೇನು ಇಲ್ವಾ, ಸೀರು ಇಲ್ವಾ? ಇದು ಬರ್ದವ್ನು ಅವ್ಳ ತಲೆ ಬಾಚಿಲ್ಲ ಕಣಮ್ಮಿ."

ಸಿಟ್ಟು ಬಂತು. ನನ್ನ ಕಣ್ಣೀರಿಗೆ ಬೆಲೆಯೇ ಇಲ್ಲದ ಹಾಗೆ ಮಾಡಿದ್ದಳು. ಅಭಿಪ್ರಾಯ ಬರೆಯಲು ಕೂತೆ. 'ಕಥೆಯು ತುಂಬಾ ಚೆನ್ನಾಗಿದೆ, ಮನಕಲಕುವಂತಿದೆ' ಎಂಬ ಎರಡು ಸಾಲಿನ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಚೆನ್ನಾಗಿದೆ ಎಂದಮೇಲೆ ಇನ್ನೇನು ಬರೆಯುವುದು? ಒಂದು ಗಂಟೆ ಕೂತು, ಆ ಸಾಲುಗಳನ್ನು ಹೊಡೆದು ಬರೆದೆ: 'ಈ ಲೇಖಕರು ರಾಜಕುಮಾರಿಯ ತಲೆ ಬಾಚಿಲ್ಲ.' ಮಿಕ್ಕದ್ದು ಸರಸರ ಬಂತು. ಮೇಷ್ಟ್ರು ಅದನ್ನು ಓದಿ ನಕ್ಕು, ಇನ್ನೊಬ್ಬರನ್ನು ಕರೆದು ತೋರಿಸಿದರು. ನನ್ನ ಬೆನ್ನು ತಟ್ಟಿದರು. ಮೊದಲ ಸಲ ನನ್ನನ್ನು ಯಾರೋ ಬುದ್ಧಿವಂತೆ ಎಂದಿದ್ದರು.

ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ನನ್ನ ನೆವ ಹೈಸ್ಕೂಲು. ಆಮೇಲೆ ಪ್ರತಿ ಪುಸ್ತಕವನ್ನೂ ಅತ್ತೆಯ ಮುಂದೆ ಓದುತ್ತಿದ್ದೆ, ಅವಳು ಅಂದದ್ದನ್ನು ನೆನಪಿಟ್ಟುಕೊಂಡು ಜಗಲಿಗೆ ಬಂದು ಬರೆಯುತ್ತಿದ್ದೆ. ಬೆಟ್ಟ ಹತ್ತಿಬಂದವರ ಪ್ರವಾಸದ ಪುಸ್ತಕಕ್ಕೆ ಅವಳು ಹೇಳಿದ್ದು, "ಚೆನ್ನಾಗದೆ ಚೆನ್ನಾಗದೆ ಅಂತ ನೂರ್ ಸಲ ಬರ್ದವ್ನೆ. ಅವ್ನಿಗ್ ಅನ್ಸುದ್ರೆ ಸಾಕಾ, ನಂಗೆ ಅನ್ಸಬ್ಯಾಡ್ವಾ?" ದೇಶಕ್ಕಾಗಿ ಮನೆ ಬಿಟ್ಟ ಮಹಾಪುರುಷರೊಬ್ಬರ ಚರಿತ್ರೆಗೆ, "ಈವಯ್ಯ ಮನೆ ಬುಟ್ಮೇಲೆ ಆ ಎಂಡ್ತಿ ಮಕ್ಕಳು ಎಲ್ಲುಂಡ್ರು ಅಂತ ಒಂದ್ ಸಾಲೂ ಇಲ್ವಲ್ಲ." ಪಟ್ಟಣದವರೊಬ್ಬರು ಬರೆದ ರೈತನ ಕಾದಂಬರಿಗೆ, "ಅರ್ಧ ಪುಸ್ತಕ ಆಯ್ತು, ಇವ್ನು ಏನ್ ಬೆಳೆ ಇಟ್ಟವ್ನೆ ಅಂತ್ಲೇ ಗೊತ್ತಾಗ್ನಿಲ್ಲ. ಬರೀ ಮಣ್ಣು ಮೂಸ್ತಾ ಕೂತವ್ನೆ." ನಾನು ಇವನ್ನು ಶಾಲೆಯ ಕನ್ನಡಕ್ಕೆ ತಿರುಗಿಸುತ್ತಿದ್ದೆ, ಅಷ್ಟೇ ನನ್ನ ಪಾಲು. ಒಂದು ದಿನ ಜಗಲಿಗೆ ಬಂದು ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ಮನೆಗೆಲಸದ ಲೆಕ್ಕ ಎಂದೆ. ರಜೆಯಲ್ಲಿ ಎಂಥ ಲೆಕ್ಕ ಎಂದು ಅವಳಿಗೆ ಹೊಳೆಯಲಿಲ್ಲ. ಊರೆಲ್ಲರ ಸುಳ್ಳು ಹಿಡಿಯುವವಳು ನನ್ನದನ್ನು ಹಿಡಿಯಲಿಲ್ಲವೆಂದು ನನಗೆ ಖುಷಿಯಾಯಿತು.

ಹನ್ನೆರಡನೆಯ ಪುಸ್ತಕ ರಟ್ಟು ಕಿತ್ತುಹೋದ ತೆಳ್ಳನೆಯದ್ದು. ಆ ಹೊತ್ತಿಗೆ ಎರಡನೇ ಬೆಳೆಯ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ಒಂದೂವರೆ ದಿನ ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ಹಾಗಾಗಿ ಅತ್ತೆಯ ಕೈ ಖಾಲಿಯಾಗಿತ್ತು. ಮಚ್ಚಿನ ಸದ್ದಿಲ್ಲದೆ ನಾನು ಓದಿದ್ದು ಅದೊಂದೇ. ಗಂಡನ ಮನೆ ಬಿಟ್ಟು ಬಂದ ಒಬ್ಬ ಹೆಂಗಸು ರಸ್ತೆ ಬದಿಯಲ್ಲಿ ಟೀ ಅಂಗಡಿ ಇಟ್ಟುಕೊಂಡಿರುತ್ತಾಳೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ. ಯಾರೂ ಅವಳನ್ನು ಹುಡುಕಿಕೊಂಡು ಬರುವುದಿಲ್ಲ, ಅವಳೂ ಎಲ್ಲಿಗೂ ಹೋಗುವುದಿಲ್ಲ. ಕೊನೆಯ ಪುಟದಲ್ಲಿ ಲೋಟ ತೊಳೆದು ಕವುಚಿ ಹಾಕುತ್ತಾಳೆ, ಪುಸ್ತಕ ಮುಗಿಯುತ್ತದೆ. ನಾನು ಪೆನ್ನು ಹಿಡಿದವಳ ಹಾಗೆ ಕಾದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು.

"ಯೋಳತ್ತೆ, ಎಂಗದೆ?"

"ಇನ್ನೊಂದ್ ಸಲ ಓದು."

ಇನ್ನೊಂದು ಸಲ ಓದಿದೆ. ಮುಗಿಯುತ್ತಲೇ ಅವಳು ಎದ್ದು ಹೋಗಿ ಗೋಣಿತಾಟಿಗೆ ನೀರು ಚಿಮುಕಿಸಿದಳು. ಮಾರನೆಯ ದಿನ ನೋಟ್‌ಬುಕ್ ಕೊಡಬೇಕಿತ್ತು, ಅವಳು ಬೇಕೆಂದೇ ಬಾಯಿ ಮುಚ್ಚಿಕೊಂಡ ಹಾಗೆ ಕಂಡಿತು. ಬೈದರೆ ಅಂಕ ಬರುತ್ತದೆ ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. ಬೈಯುವುದಕ್ಕೆ ಇವಳೇ ಯಾಕೆ ಬೇಕು ಎಂದುಕೊಂಡು ನಾನೇ ಬರೆದೆ: 'ಈ ಪುಸ್ತಕದಲ್ಲಿ ಏನೂ ನಡೆಯುವುದಿಲ್ಲ. ಗಂಡನ ಮನೆ ಬಿಟ್ಟು ಬಂದ ಹೆಂಗಸಿನ ಬಗ್ಗೆ ಇಷ್ಟು ಪುಟ ಬರೆಯುವಂಥದ್ದೇನಿದೆ? ಆಕೆಗೂ ಕೆಲಸವಿಲ್ಲ, ಬರೆದವರಿಗೂ ಕೆಲಸವಿಲ್ಲ.' ಬರೆಯುವಾಗ ಯಾರ ಮುಖ ನನ್ನ ಕಣ್ಣ ಮುಂದಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು.

ಫಲಿತಾಂಶದ ಸಭೆಗೆ ಅಪ್ಪ ಬರಬೇಕಿತ್ತು. ಅದೇ ದಿನ ರೇಷ್ಮೆಗೂಡು ಮಾರಲು ಮಾರ್ಕೆಟ್ಟಿಗೆ ಹೋಗುವುದು ಬಿದ್ದದ್ದರಿಂದ ಅತ್ತೆಯನ್ನು ಜೊತೆ ಮಾಡಿ ಕಳಿಸಿದ. ಅವಳು ಟ್ರಂಕಿನಿಂದ ನೇರಳೆ ಬಣ್ಣದ ಸೀರೆ ತೆಗೆದುಟ್ಟು, ಹಣೆಗೆ ವಿಭೂತಿ ಹಚ್ಚಿ ಬಂದಿದ್ದಳು. ಕೊನೆಯ ಬೆಂಚಿನಲ್ಲಿ ಕೂತಳು. ಮೇಷ್ಟ್ರು ನನ್ನನ್ನು ವೇದಿಕೆಗೆ ಕರೆದು, ಈ ಹುಡುಗಿಯ ನಾಲಿಗೆ ಎಷ್ಟು ಹರಿತ ಕೇಳಿ ಎಂದು ಒಂದೊಂದೇ ಸಾಲು ಓದತೊಡಗಿದರು. ತಲೆ ಬಾಚದ ರಾಜಕುಮಾರಿ, ಮಣ್ಣು ಮೂಸುವ ರೈತ, ಉಣ್ಣಲಿಲ್ಲದ ಹೆಂಡತಿ ಮಕ್ಕಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಹೆದರುತ್ತಲೇ ಹಿಂದಿನ ಬೆಂಚಿನ ಕಡೆ ನೋಡಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅವಳು ನಗುತ್ತಿದ್ದಳು. ಅಕ್ಕಪಕ್ಕದವರನ್ನು ನೋಡುತ್ತಿದ್ದಳು, ಅವರೂ ನಗುತ್ತಿದ್ದಾರಾ ಎಂದು. ಅವಳು ಹಾಗೆ ನಕ್ಕದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಆಮೇಲೆ ಮೇಷ್ಟ್ರು, ಇವೆಲ್ಲಕ್ಕಿಂತ ಹರಿತವಾದದ್ದು ಹನ್ನೆರಡನೆಯದು, ಅದನ್ನು ನೀನೇ ಓದಮ್ಮ ಎಂದು ನೋಟ್‌ಬುಕ್ ನನ್ನ ಕೈಗೆ ಕೊಟ್ಟರು.

ಓದಿದೆ. ಗಂಡನ ಮನೆ ಬಿಟ್ಟು ಬಂದ ಹೆಂಗಸು ಎನ್ನುವಲ್ಲಿ ದನಿ ಸಣ್ಣದಾಯಿತು, ಆದರೂ ಓದಿದೆ. ಕೊನೆಯ ಸಾಲಿಗೆ ಎಲ್ಲಕ್ಕಿಂತ ದೊಡ್ಡ ನಗು ಬಂತು. ಅದು ನಿಲ್ಲುವ ಮುಂಚೆಯೇ ಅತ್ತೆ ಎದ್ದು ನಿಂತಿದ್ದಳು.

"ಸಾ, ಆಗ್ಲೇ ಓದುದ್ರಲ್ಲ, ಅವೆಲ್ಲ ನಾನ್ ಯೋಳುದ್ದು. ಇದೊಂದು ನಂದಲ್ಲ. ಇದು ಸುಳ್ಳು. ಆ ಪುಸ್ತಕ ಅಂಗಿಲ್ಲ ಸಾ."

ಸಭೆ ತಿರುಗಿ ನೋಡಿತು. ಮೇಷ್ಟ್ರು ಕೆಟ್ಟವರಲ್ಲ, ಮೆಲ್ಲಗೇ ಕೇಳಿದರು.

"ಅಮ್ಮಾ, ಆ ಪುಸ್ತಕಗಳನ್ನ ನೀವು ಓದಿದ್ದೀರಾ?"

"ನಂಗೆ ಓದಕ್ ಬರಲ್ಲ ಸಾ. ಇವ್ಳು ಓದುದ್ಲು, ನಾನ್ ಯೋಳುದೆ."

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಮೇಷ್ಟ್ರು ನನ್ನ ಕಡೆ ತಿರುಗಿ, ಹೌದೇನಮ್ಮ, ಇವರು ಹೇಳಿಕೊಟ್ಟದ್ದೇ ಎಂದರು. ಹೂಂ ಎಂದರೆ ಹೈಸ್ಕೂಲಿಲ್ಲ. ಆಗ ನನಗೆ ಹನ್ನೆರಡೇ ವರ್ಷ ಎಂಬ ಸಮಾಧಾನವನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಯಾವ ಮಾತು ಯಾರನ್ನು ಎಲ್ಲಿ ಕೂರಿಸುತ್ತದೆ ಎಂಬುದು ಹನ್ನೆರಡು ವರ್ಷಕ್ಕೆ ಗೊತ್ತಿರುತ್ತದೆ.

"ಇಲ್ಲ ಸಾ," ಎಂದೆ. "ನಮ್ಮತ್ತೆಗೆ ಓದಕ್ಕೇ ಬರಲ್ಲ."

ಮತ್ತೆ ನಗು. ಅತ್ತೆ ಕೂತಳು. ಮೊದಲ ಬಹುಮಾನ ನನಗೇ ಬಂತು. ವಾಪಸ್ಸು ಬರುವಾಗ ಅವಳು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಅಪ್ಪನ ಮುಂದೆ ಎಲ್ಲ ಹೇಳುತ್ತಾಳೆ ಎಂದು ಕಾದಿದ್ದೆ. ಬೈದಿದ್ದರೆ ನನಗೂ ಜಗಳಕ್ಕೆ ಒಂದು ದಾರಿ ಇರುತ್ತಿತ್ತು. ಮನೆಗೆ ಬಂದವಳು ಸುಣ್ಣ ತುಳಿದು, ಕೈ ತೊಳೆದು, ಅಪ್ಪನಿಗೆ ಹೇಳಿದ್ದು ಇಷ್ಟೇ.

"ಗೆದ್ದವ್ಳೆ. ಸೇರ್ಸು."

ಸೇರಿದೆ. ಆ ಸುಣ್ಣದ ಗೆರೆಯಿಂದ ಹೊರಗೆ ಬಂದೆ, ಅದಕ್ಕಾಗಿ ನಾನು ಯಾರಿಗೂ ಕೃತಜ್ಞಳಾಗಿರಲಿಲ್ಲ. ಹೈಸ್ಕೂಲಿನಿಂದ ಪುಸ್ತಕ ತಂದು ಹುಳದ ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಅತ್ತೆ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. ಪುಸ್ತಕಗಳಿಗೆ ಸುಣ್ಣ ಹಾಕುವುದನ್ನೂ ಬಿಟ್ಟಳು. ಅವು ಅವಳ ಪಾಲಿಗೆ ಇರಲೇ ಇಲ್ಲ. ಮುಂದೆ ನಾನು ಕಾಲೇಜಿನಲ್ಲಿ ಪಾಠ ಹೇಳುವವಳಾದೆ, ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯತೊಡಗಿದೆ. ನನ್ನ ಕೈಗೆ ಸಿಕ್ಕ ಪುಸ್ತಕ ಉಳಿಯುವುದಿಲ್ಲ ಎಂದು ಹೆಸರಾಯಿತು. ಮೊದಲ ಕಾದಂಬರಿ ಬರೆದ ಒಬ್ಬ ಹುಡುಗಿ ನನ್ನ ವಿಮರ್ಶೆ ಓದಿದ ಮೇಲೆ ಇನ್ನೊಂದು ಬರೆಯಲಿಲ್ಲವಂತೆ. ಅದನ್ನು ಯಾರೋ ಬಂದು ಹೇಳಿದಾಗ ನಾನು ಕಾಫಿ ಕುಡಿಯುತ್ತಿದ್ದೆ, ಕುಡಿದು ಮುಗಿಸಿದೆ.

ಎರಡು ವರ್ಷದ ಹಿಂದೆ ಆ ವಿಮರ್ಶೆಗಳೆಲ್ಲ ಪುಸ್ತಕವಾದವು. ಅರ್ಪಣೆಯ ಪುಟದಲ್ಲಿ, ಈ ನಾಲಿಗೆ ನಮ್ಮತ್ತೆ ಪುಟ್ಟತಾಯಮ್ಮನದು, ನಾನು ಕದ್ದದ್ದು ಎಂದು ಬರೆದಿದ್ದೆ. ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡು ಊರಿಗೆ ಹೋದೆ. ಹುಳುಗಳಿಗೆ ಈಗ ತೋಟದಲ್ಲಿ ಬೇರೆ ಶೆಡ್ಡಿದೆ. ಅತ್ತೆ ಅದರ ಬಾಗಿಲಲ್ಲಿ ಕಾಲು ಚಾಚಿ ಕೂತು ಗೂಡಿನ ಮೇಲಿನ ಜಾಳು ಎಳೆ ಬಿಡಿಸುತ್ತಿದ್ದಳು. ಅರ್ಪಣೆಯನ್ನು ಓದಿ ಹೇಳಿದೆ. ಬೆರಳು ನಿಲ್ಲಲಿಲ್ಲ.

"ಒಳಗಿರುದ್ನೂ ಓದು," ಎಂದಳು.

ಇಷ್ಟು ವರ್ಷದ ಮೇಲೆ ಕೇಳಿದ್ದಳು. ನಾನು ನನ್ನ ಅತ್ಯುತ್ತಮ ಎಂದುಕೊಂಡಿದ್ದ ಮೂರು ಲೇಖನಗಳನ್ನು ಆರಿಸಿ, ಗಟ್ಟಿಯಾಗಿ, ಅವಳಿಗೆ ತಿಳಿಯುವಂತೆ ಓದಿದೆ. ಜನ ನಗುವ ಜಾಗಗಳಲ್ಲಿ ಸ್ವಲ್ಪ ತಡೆದೆ. ಆ ಹೊಸ ಹುಡುಗಿಯ ಕಾದಂಬರಿಯದ್ದೂ ಅದರಲ್ಲಿತ್ತು. ಮುಗಿದ ಮೇಲೆ ಅತ್ತೆ ಬಿಡಿಸಿದ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬುಟ್ಟಿಗೆ ಹಾಕಿದಳು.

"ನನ್ನೆಸ್ರು ತಗುದ್ಬುಡು."

"ಯಾಕತ್ತೆ? ಇವು ನಿನ್ ಮಾತೇ ಅಲ್ವಾ?"

"ಅಲ್ಲ ಕಣಮ್ಮಿ. ನಾನು ಸುಳ್ಳು ಕಂಡಾಗ ಬಯ್ತಿದ್ದೆ. ನೀನು ಬಯ್ಯಕ್ಕೇ ಅಂತ ಓದ್ತಿದ್ದೀಯ."

ನನಗೆ ವಿಪರೀತ ಸಿಟ್ಟು ಬಂತು. ಊಟಕ್ಕೂ ನಿಲ್ಲದೆ ಸಂಜೆಯ ಬಸ್ಸಿಗೆ ಹೊರಟುಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಆ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಎರಡು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.